ಇದಕ್ಕೆ ಎಷ್ಟು ಕೊಡಬೇಕು?

ಅಮೆರಿಕಕ್ಕೆ ಬಂದ ಹೊಸದರಲ್ಲಿ ನನ್ನ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ, 'ಹೌ ಮಚ್?'. ಅಂಗಡಿಯಲ್ಲಿ ಕೇಳಿದರೆ ಉತ್ತರ ಸಿಗುತ್ತಿತ್ತು. ಲೈಬ್ರರಿಯಲ್ಲಿ ಕೇಳಿದರೆ ಮಾತ್ರ ಎದುರಿನವರು ನನ್ನ ಮುಖ ನೋಡಿ ನಗುತ್ತಿದ್ದರು.

ನಾವಿರುವುದು ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಸಣ್ಣ ಊರಿನಲ್ಲಿ, ಬಾಸ್ಟನ್‌ನಿಂದ ಮುಕ್ಕಾಲು ಗಂಟೆ ದೂರ. ನಾನು ಬಂದಿದ್ದು ಎಚ್-4 ವೀಸಾದ ಮೇಲೆ. ಗಂಡನ ಕೆಲಸದ ವೀಸಾಕ್ಕೆ ಬಾಲಂಗೋಚಿಯ ಹಾಗೆ ಬರುವ ವೀಸಾ ಅದು. ಬೇರೆ ಪರ್ಮಿಟ್ ಸಿಗುವ ತನಕ ಕೆಲಸ ಮಾಡುವಂತಿಲ್ಲ. ನನಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಎರಡು ವರ್ಷದ ಮಗಳು, ನವೆಂಬರ್ ತಿಂಗಳು, ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ನಮ್ಮನೆಯವರು ಆಫೀಸಿನಿಂದ ಬರುವ ಹೊತ್ತಿಗೆ ನಾನು ಕಿಟಕಿ ಪಕ್ಕ ಕೂತು ಎದುರುಮನೆಯ ನಾಯಿಯ ದಿನಚರಿ ಬಾಯಿಪಾಠ ಮಾಡಿರುತ್ತಿದ್ದೆ.

ಮೇಲಿನ ಮನೆಯಲ್ಲಿ ಶಿವಮೊಗ್ಗದ ಕಡೆಯ ಒಬ್ಬ ಅಕ್ಕ ಇದ್ದರು. ಅವರೇ ಒಂದಿನ ಬಂದು ಬೈದರು. 'ಮನೇಲಿ ಕೂತು ಯಾಕೆ ತಲೆ ಕೆಡಿಸ್ಕೋತೀಯೇ? ನಡ್ಕೊಂಡು ಹೋದ್ರೆ ಲೈಬ್ರರಿ ಹತ್ತು ನಿಮಿಷ. ಬೆಚ್ಚಗಿರತ್ತೆ, ಮಗೂಗೆ ಆಟದ ಸಾಮಾನಿರತ್ತೆ, ಏನೂ ಕೊಳ್ಳಬೇಕಾಗಿಲ್ಲ, ಯಾರೂ ಏಳು ಅನ್ನಲ್ಲ. ಹೋಗು ಸುಮ್ನೆ.'

ಹೋದೆ. ಕಾರ್ಡ್ ಬೇಕು ಅಂದೆ. ಫೋಟೋ ಇರುವ ಗುರುತಿನ ಚೀಟಿ, ಜೊತೆಗೆ ಈ ವಿಳಾಸದಲ್ಲೇ ಇದ್ದೀರಿ ಅನ್ನುವುದಕ್ಕೆ ಏನಾದರೂ ಒಂದು ದಾಖಲೆ ಕೇಳಿದರು. ಮನೆ ಕರಾರು ಗಂಡನ ಹೆಸರಲ್ಲಿ, ಕರೆಂಟ್ ಬಿಲ್ ಗಂಡನ ಹೆಸರಲ್ಲಿ, ಬ್ಯಾಂಕ್ ಖಾತೆಯೂ ಅವರದ್ದೇ. ನನ್ನ ಮುಖ ಸಣ್ಣಗಾಗಿದ್ದು ಕೌಂಟರಿನಲ್ಲಿದ್ದಾಕೆಗೆ ಗೊತ್ತಾಯಿತು ಅಂತ ಕಾಣುತ್ತೆ. 'ನಿಮ್ಮ ಹೆಸರಿಗೆ ಬಂದ ಯಾವ ಕಾಗದ ಆದರೂ ಸರಿ' ಅಂದರು. ಮನೆಗೆ ಬಂದು ಹುಡುಕಿದರೆ ಆರೋಗ್ಯ ವಿಮೆಯವರು ಕಳಿಸಿದ ಒಂದು ಲಕೋಟೆ ಸಿಕ್ಕಿತು. ಅದನ್ನು ಹಿಡಿದು ಮತ್ತೆ ಓಡಿದೆ. ಕಾರ್ಡಿನ ಹಿಂದೆ ಸಹಿ ಹಾಕುವಾಗ ಕೈ ಸ್ವಲ್ಪ ನಡುಗಿತು ಅಂದರೆ ನಗಬೇಡಿ. ಈ ದೇಶದಲ್ಲಿ ನಾನೇ ಹೋಗಿ, ನಾನೇ ಕೇಳಿ, ನನ್ನ ಹೆಸರಲ್ಲಿ ಮಾಡಿಸಿಕೊಂಡ ಮೊದಲ ವಸ್ತು ಅದು.

'ಹೌ ಮಚ್?' ಅಂದೆ. ಏನೂ ಇಲ್ಲವಂತೆ. ಎಷ್ಟು ಪುಸ್ತಕ ತಗೊಂಡು ಹೋಗಬಹುದು? 'ನಿಮ್ಮ ಕೈಯಲ್ಲಿ ಎಷ್ಟು ಹೊರಲು ಆಗುತ್ತೋ ಅಷ್ಟು.' ನನಗೆ ನಂಬಿಕೆ ಬರಲಿಲ್ಲ. ಡೆಪಾಸಿಟ್ ಇರಬೇಕಲ್ವಾ? 'ಐ ಹ್ಯಾವ್ ಎ ಡೌಟ್' ಅಂದೆ. ಆಕೆಯ ನಗು ಮಾಯವಾಯಿತು. ನಮ್ಮಲ್ಲಿ ಡೌಟ್ ಅಂದರೆ ಒಂದು ಪ್ರಶ್ನೆ ಅಷ್ಟೇ. ಅವರ ಕಿವಿಗೆ ಅದು 'ನಿಮ್ಮ ಮಾತಿನ ಮೇಲೆ ನನಗೆ ಅನುಮಾನ' ಅಂತ ಬಿತ್ತು. ಇದು ನನಗೆ ತಿಳಿದಿದ್ದು ಎರಡು ತಿಂಗಳ ನಂತರ, ಅದೇ ಲೈಬ್ರರಿಯ ಇಂಗ್ಲಿಷ್ ಮಾತುಕತೆ ಗುಂಪಿನಲ್ಲಿ.

ಆ ಗುಂಪಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ವಾರಕ್ಕೊಂದು ಸಲ, ಬೆಳಿಗ್ಗೆ ಹತ್ತಕ್ಕೆ, ಹಿಂದಿನ ಕೋಣೆಯಲ್ಲಿ. ನಡೆಸುವವರು ನಿವೃತ್ತರಾದ ಒಬ್ಬ ಟೀಚರ್, ಸಂಬಳ ಇಲ್ಲದ ಕೆಲಸ. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ, ಸುಮ್ನೆ ಮಾತು. ಬ್ರೆಜಿಲ್‌ನ ಇಬ್ಬರು ಹೆಂಗಸರು, ಹೈಟಿಯ ಒಬ್ಬ ಹುಡುಗ, ಮೊಮ್ಮಗನನ್ನು ನೋಡಿಕೊಳ್ಳಲು ಬಂದ ಚೀನಾದ ಒಬ್ಬ ತಾತ, ಮತ್ತೆ ನಾನು. ಕಾಲೇಜಿನವರೆಗೆ ಇಂಗ್ಲಿಷ್‌ನಲ್ಲಿ ಓದಿದ ನನಗೆ ಇದೆಲ್ಲ ಯಾಕೆ ಅನ್ನುವ ಜಂಬ ಮೊದಮೊದಲು ಇತ್ತು. ಫೋನಿನಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಳ್ಳುವ ನಾಟಕ ಮಾಡಿಸಿದರು ನೋಡಿ, ಜಂಬ ಇಳಿಯಿತು. ಆ ತಾತ ನನಗಿಂತ ನಿಧಾನವಾಗಿ ಮಾತಾಡಿಯೂ ಕೆಲಸ ಮುಗಿಸಿದ. ನಾನು ಗಡಿಬಿಡಿಯಲ್ಲಿ ಹುಟ್ಟಿದ ತಾರೀಖನ್ನು ನಮ್ಮ ರೂಢಿಯಂತೆ ದಿನ ಮೊದಲು, ತಿಂಗಳು ಆಮೇಲೆ ಹೇಳಿ ನನ್ನ ಹುಟ್ಟುಹಬ್ಬವನ್ನೇ ಐದು ತಿಂಗಳು ಮುಂದೆ ಹಾಕಿದೆ. ಡೌಟಿನ ಕಥೆ ಹೇಳಿದಾಗ ಟೀಚರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನನ್ನು ಕರೆದುಕೊಂಡು ಹೋಗಿ ಕೌಂಟರಿನಾಕೆಗೂ ಹೇಳಿದರು. ಅಲ್ಲಿಂದ ಮುಂದೆ ನಾನು ಹೋದಾಗಲೆಲ್ಲ ಆಕೆ ಕೇಳುವುದು ಅದೇ, 'ಎನಿ ಡೌಟ್ಸ್ ಟುಡೇ?'

ಮಕ್ಕಳ ಸ್ಟೋರಿ ಟೈಮ್ ಎಲ್ಲರಿಗೂ ಗೊತ್ತಿರುವುದೇ, ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಹಾಡು, ಕಥೆ, ಕೊನೆಗೆ ಸೋಪಿನ ಗುಳ್ಳೆ. ನನ್ನ ಮಗಳು ಹೋಗುತ್ತಿದ್ದುದು ಗುಳ್ಳೆಗೆ ಮಾತ್ರ.

ಪುಸ್ತಕ ಬಿಟ್ಟು ಬೇರೆ ಏನೇನು ಎರವಲು ಕೊಡುತ್ತಾರೆ ಅಂತ ಕೇಳಿದರೆ ನೀವು ನಂಬಲ್ಲ. ಹೊಲಿಗೆ ಮೆಷಿನ್, ಕೇಕ್ ಅಚ್ಚು, ವೈಫೈ ಹಾಟ್‌ಸ್ಪಾಟ್, ಹಿಮದ ಮೇಲೆ ನಡೆಯುವ ಅಗಲ ಬುಡದ ಸ್ನೋಶೂ. ದೂರದರ್ಶಕ ಕೂಡ. ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಖಗೋಳ ಆಸಕ್ತರ ಒಂದು ಸಂಘ 2008ರಲ್ಲಿ ಲೈಬ್ರರಿಗಳಿಗೆ ಟೆಲಿಸ್ಕೋಪ್ ಕೊಡುವ ಕೆಲಸ ಶುರು ಮಾಡಿತು, ಈಗ ಅದು ಬೇರೆ ಬೇರೆ ರಾಜ್ಯಗಳಿಗೆ ಹರಡಿದೆ. ನಾವು ಅದನ್ನು ಒಂದು ವಾರ ಮನೆಗೆ ತಂದಿದ್ದೆವು. ಆ ಏಳು ದಿನವೂ ಮೋಡ. ಎಂಟನೇ ದಿನ ವಾಪಸ್ ಕೊಟ್ಟು ಬಂದ ಸಂಜೆ ಆಕಾಶ ತೊಳೆದಿಟ್ಟ ಹಾಗಿತ್ತು, ಏನು ಹೇಳೋಣ.

ನನಗೆ ಬಹಳ ಹಿಡಿಸಿದ್ದು ಮ್ಯೂಸಿಯಂ ಪಾಸ್. ಬಾಸ್ಟನ್‌ನ ವಿಜ್ಞಾನ ಮ್ಯೂಸಿಯಂ, ಮೀನುಗಳ ಅಕ್ವೇರಿಯಂ ಇಂಥ ಕಡೆ ನಾಲ್ಕು ಜನ ಹೋದರೆ ಟಿಕೆಟ್ಟಿಗೇ ಜೇಬು ಖಾಲಿ. ಲೈಬ್ರರಿಯಲ್ಲಿ ಮುಂಚೆಯೇ ದಿನ ಗೊತ್ತು ಮಾಡಿಕೊಂಡರೆ ಪಾಸ್ ಸಿಗುತ್ತದೆ, ಟಿಕೆಟ್ ದರ ಚೆನ್ನಾಗಿಯೇ ಇಳಿಯುತ್ತದೆ. ಕೆಲವು ಕಡೆ ಪೂರ್ತಿ ಉಚಿತ. ಈ ಪಾಸ್‌ಗಳಿಗೆ ದುಡ್ಡು ಹಾಕುವುದು 'ಫ್ರೆಂಡ್ಸ್ ಆಫ್ ದಿ ಲೈಬ್ರರಿ' ಅನ್ನುವ ಊರವರ ಗುಂಪು. ಅವರು ಹಳೆ ಪುಸ್ತಕಗಳನ್ನು ರಾಶಿ ಹಾಕಿ ಒಂದು ಡಾಲರ್, ಎರಡು ಡಾಲರ್‌ಗೆ ಮಾರಿ ಹಣ ಕೂಡಿಸುತ್ತಾರೆ.

ಫೆಬ್ರವರಿಯಿಂದ ಏಪ್ರಿಲ್ ಮಧ್ಯದವರೆಗೆ ಇನ್ನೊಂದು ನೋಟ. ಮೀಟಿಂಗ್ ಕೋಣೆಯಲ್ಲಿ ನಾಲ್ಕು ಮೇಜು, ನಾಲ್ಕು ಲ್ಯಾಪ್‌ಟಾಪ್, ನಾಲ್ಕು ಜನ ಹಿರಿಯರು. ಎಎಆರ್‌ಪಿ ಅನ್ನುವ ಹಿರಿಯರ ಸಂಸ್ಥೆ 1968ರಿಂದ ನಡೆಸುತ್ತಿರುವ ಟ್ಯಾಕ್ಸ್ ನೆರವು ಇದು. ಇಲ್ಲಿನ ಆದಾಯ ತೆರಿಗೆ ಇಲಾಖೆಯ ಪರೀಕ್ಷೆ ಪಾಸಾದ ಸ್ವಯಂಸೇವಕರು ನಿಮ್ಮ ರಿಟರ್ನ್ ತುಂಬಿ ಕಳಿಸಿಕೊಡುತ್ತಾರೆ, ಒಂದು ಪೈಸೆ ಇಲ್ಲ. ಹೊಸದಾಗಿ ಬಂದವರು ಒಂದು ವಿಷಯ ನೆನಪಿಡಿ. ಮೊದಲ ವರ್ಷ ನಮ್ಮಂಥವರ ಲೆಕ್ಕ ಅರ್ಧ ಹೊರಗಿನವರು, ಅರ್ಧ ಇಲ್ಲಿನವರು ಅನ್ನುವ ಹಾಗಿರುತ್ತದೆ. ಅದು ಇವರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮ ಕಾಗದ ನೋಡಿ ಆ ಹಿರಿಯರು 'ಇದು ನಾವು ಮಾಡುವಂಥದ್ದಲ್ಲ' ಅಂತ ನೇರವಾಗಿ ಹೇಳಿ ಕಳಿಸಿದರು. ಸುಮ್ನೆ ಏನೋ ಒಂದು ತುಂಬಿ ಕೊಡಲಿಲ್ಲವಲ್ಲ, ಅದು ದೊಡ್ಡದು.

ಎಲ್ಲ ಚಂದ ಅಂತ ಬರೆಯುತ್ತಾ ಹೋದರೆ ಸುಳ್ಳಾಗುತ್ತೆ. ಮೊಬೈಲ್‌ನಲ್ಲಿ ಲಿಬ್ಬಿ ಅನ್ನುವ ಆ್ಯಪ್‌ ಮೂಲಕ ಇ-ಪುಸ್ತಕ ಸಿಗುತ್ತದೆ, ಆದರೆ ಹೆಸರಾದ ಪುಸ್ತಕಕ್ಕೆ ವಾರಗಟ್ಟಲೆ ಕಾಯಬೇಕು. ಕಂಪ್ಯೂಟರಿನಲ್ಲಿರುವ ಪುಸ್ತಕಕ್ಕೂ ಸರತಿ ಸಾಲು ಯಾಕಪ್ಪಾ ಅಂತ ನನಗೆ ಸಿಟ್ಟು ಬರುತ್ತಿತ್ತು. ಲೈಬ್ರರಿಯವರು ಸಾಮಾನ್ಯವಾಗಿ ಒಂದು ಪ್ರತಿಗೆ ಒಬ್ಬರೇ ಓದುಗರು ಅನ್ನುವ ಲೆಕ್ಕದಲ್ಲಿ ಲೈಸೆನ್ಸ್ ಕೊಳ್ಳುತ್ತಾರಂತೆ. ಕೆಲವು ಪ್ರಕಾಶಕರ ಲೈಸೆನ್ಸ್ ಎರಡು ವರ್ಷಕ್ಕೆ ಮುಗಿಯುತ್ತದೆ, ಇನ್ನು ಕೆಲವರದ್ದು 26 ಸಲ ಎರವಲು ಹೋದ ಮೇಲೆ. ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು. ಸಿಟ್ಟು ಲೈಬ್ರರಿಯಿಂದ ಪ್ರಕಾಶಕರ ಕಡೆಗೆ ತಿರುಗಿತು ಅಷ್ಟೇ, ಕಾಯುವುದು ತಪ್ಪಲಿಲ್ಲ. ಇಲ್ಲಿ ಹೀಗೆ ಹೆಸರು ಬರೆಸಿ ಕಾಯುವುದಕ್ಕೆ 'ಹೋಲ್ಡ್' ಅನ್ನುತ್ತಾರೆ.

ಒಂದು ಸಲ ಚಿತ್ರದ ಪುಸ್ತಕದ ಮೇಲೆ ಮಗಳು ಸಾರು ಚೆಲ್ಲಿದಳು. ಒಣಗಿಸಿದೆ, ಒರೆಸಿದೆ, ಆನೆ ಹಳದಿಯಾಗಿಯೇ ಉಳಿಯಿತು. ಈಗ ಬಹಳ ಲೈಬ್ರರಿಗಳಲ್ಲಿ ತಡವಾದರೆ ದಂಡ ಇಲ್ಲ, ಬಾಸ್ಟನ್ ಸಾರ್ವಜನಿಕ ಗ್ರಂಥಾಲಯ 2021ರಲ್ಲಿ ಎಲ್ಲರಿಗೂ ತೆಗೆದುಹಾಕಿತು. ಆದರೆ ಹಾಳು ಮಾಡಿದರೆ ಬೆಲೆ ಕಟ್ಟಲೇಬೇಕು. ಹತ್ತೊಂಬತ್ತು ಡಾಲರ್ ಕಟ್ಟಿದೆ. ಅಂತೂ ನನ್ನ 'ಹೌ ಮಚ್'ಗೆ ಅಲ್ಲಿ ಸಿಕ್ಕ ಮೊದಲ ಉತ್ತರ. ಹಳದಿ ಆನೆ ಈಗಲೂ ಮನೆಯಲ್ಲಿದೆ.

ಇನ್ನು ಕನ್ನಡ ಪುಸ್ತಕದ ವಿಷಯ. ನಮ್ಮ ಲೈಬ್ರರಿಯಲ್ಲಿ ಒಂದೂ ಇರಲಿಲ್ಲ. ಕೌಂಟರಿನಾಕೆ ಹೇಳಿದ್ದು, 'ಇಲ್ಲದಿದ್ದರೆ ತರಿಸೋಣ'. ಬೇರೆ ಲೈಬ್ರರಿಯಿಂದ ತರಿಸಿಕೊಡುವುದಕ್ಕೆ ಇಂಟರ್‌ಲೈಬ್ರರಿ ಲೋನ್ ಅನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿ ಓದಿದ ಒಂದು ಹಳೆ ಕಾದಂಬರಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕೊಟ್ಟೆ. ಸಿಗುತ್ತೆ ಅಂತ ಅಲ್ಲ, ಆಕೆಯ ಉತ್ಸಾಹಕ್ಕೆ ಇಲ್ಲ ಅನ್ನಲಾಗದೆ. ಮೂರು ವಾರ ಆದ ಮೇಲೆ ಇಮೇಲ್ ಬಂತು. ಯಾವುದೋ ದೂರದ ವಿಶ್ವವಿದ್ಯಾಲಯದಿಂದ ಪುಸ್ತಕ ಬಂದಿದೆ!

ರಟ್ಟಿನ ಸುತ್ತ ಒಂದು ಕಾಗದದ ಪಟ್ಟಿ, ಇದನ್ನು ತೆಗೆಯಬೇಡಿ ಅಂತ. ಒಳಗೆ ಧಾರವಾಡದಲ್ಲಿ ಅಚ್ಚಾದ ಪುಸ್ತಕ, 1968, ಬೆಲೆ ಮೂರು ರೂಪಾಯಿ. ಹಾಳೆ ಕಂದು ಬಣ್ಣಕ್ಕೆ ತಿರುಗಿತ್ತು, ಮೂಸಿದರೆ ನಮ್ಮ ಹೈಸ್ಕೂಲಿನ ಬೀರು. ಒಳಪುಟದ ಮೂಲೆಯಲ್ಲಿ 'ಪಿಎಲ್ 480' ಅಂತ ಗುರುತು. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. 'ಅಯ್ಯೋ, ಅದು ಗೋಧಿ ಕಣಮ್ಮ' ಅಂದರು. ಅರವತ್ತರ ದಶಕದಲ್ಲಿ ರೇಷನ್ ಅಂಗಡಿಗೆ ಬರುತ್ತಿದ್ದ ಅಮೆರಿಕದ ಗೋಧಿ. ಪಿಎಲ್ 480 ಅಂದರೆ ಅದನ್ನು ಕಳಿಸಲು ಅಮೆರಿಕ ಮಾಡಿದ 1954ರ ಕಾಯಿದೆ, ಪಬ್ಲಿಕ್ ಲಾ 480. ಅದರಲ್ಲಿ ಭಾರತ ಗೋಧಿಯ ಬೆಲೆಯನ್ನು ಡಾಲರ್ ಬದಲು ರೂಪಾಯಿಯಲ್ಲಿ ಕೊಡಬಹುದಿತ್ತು. ಹಾಗೆ ಭಾರತದಲ್ಲೇ ಕೂಡಿಬಿದ್ದ ರೂಪಾಯಿಯಲ್ಲಿ ಸ್ವಲ್ಪ ಭಾಗದಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 1962ರಿಂದ ನಮ್ಮ ಭಾಷೆಗಳ ಪುಸ್ತಕ ಕೊಂಡು ಇಲ್ಲಿನ ವಿಶ್ವವಿದ್ಯಾಲಯಗಳಿಗೆ ಹಡಗಿನಲ್ಲಿ ಕಳಿಸತೊಡಗಿತು. ಅಜ್ಜಿ ಚಪಾತಿ ಲಟ್ಟಿಸಲು ಬರಲ್ಲ ಅಂತ ಬೈದುಕೊಂಡೇ ಹಿಟ್ಟು ಮಾಡಿಸಿದ ಆ ಗೋಧಿಯ ದುಡ್ಡಿನಲ್ಲಿ ಧಾರವಾಡದಿಂದ ಹೊರಟ ಪುಸ್ತಕ, ಐವತ್ತು ವರ್ಷದ ಮೇಲೆ ಹಿಮ ಬೀಳುವ ಊರಲ್ಲಿ ನನ್ನ ಕೈಗೆ ಬಂತು. ವಾಪಸ್ ಕೊಡುವಾಗ ಕೌಂಟರಿನಾಕೆ ಪುಟ ತೆರೆದು, ಈ ದುಂಡು ದುಂಡು ಅಕ್ಷರ ಓದಿ ತೋರಿಸಿ ಅಂದರು. ಅರ್ಧ ಪುಟ ಓದಿದೆ. ಹಿಂದೆ ಸಾಲಿನಲ್ಲಿ ನಿಂತವರು ಯಾರೂ ಗೊಣಗಲಿಲ್ಲ.

ಇಷ್ಟೆಲ್ಲ ಆದ ಮೇಲೂ ನನ್ನ ತಲೆಯಲ್ಲಿ ಅದೇ ಪ್ರಶ್ನೆ. ನಾನು ಕೊಡುತ್ತಿಲ್ಲ ಅಂದರೆ ಯಾರು ಕೊಡುತ್ತಿದ್ದಾರೆ? ಬಾಸ್ಟನ್‌ನ ಕಾಪ್ಲಿ ಚೌಕದಲ್ಲಿ 1895ರಲ್ಲಿ ಕಟ್ಟಿ ಮುಗಿಸಿದ ದೊಡ್ಡ ಲೈಬ್ರರಿಯ ಬಾಗಿಲ ಮೇಲೆ 'ಫ್ರೀ ಟು ಆಲ್' ಅಂತ ಕಲ್ಲಲ್ಲಿ ಕೊರೆದಿದ್ದಾರೆ. ಉಚಿತ ಅಂದರೆ ಬಾಗಿಲಲ್ಲಿ ದುಡ್ಡು ಕೇಳುವುದಿಲ್ಲ ಅಂತ ಅರ್ಥ, ಅಷ್ಟೇ. ದುಡ್ಡು ಬರುವುದು ಬಹುಪಾಲು ಮನೆ ತೆರಿಗೆಯಿಂದ. ಈ ರಾಜ್ಯ 1851ರಲ್ಲೇ ಊರುಗಳಿಗೆ ಲೈಬ್ರರಿಗಾಗಿ ತೆರಿಗೆ ಹಾಕುವ ಅಧಿಕಾರ ಕೊಟ್ಟಿತ್ತು. ಬಾಡಿಗೆದಾರರಾದ ನಾವು ಮನೆ ತೆರಿಗೆ ಕಟ್ಟುವುದಿಲ್ಲ ನಿಜ, ಆದರೆ ಮಾಲೀಕರು ಅದನ್ನು ನಮ್ಮ ಬಾಡಿಗೆಯಿಂದಲೇ ತಾನೇ ಕಟ್ಟುವುದು? ಈ ಲೆಕ್ಕ ಹೊಳೆದ ದಿನದಿಂದ ನನ್ನ ಸಂಕೋಚ ಅರ್ಧ ಹೋಯಿತು.

ಉಳಿದ ಅರ್ಧ ಹೋಗಿದ್ದು ಟೌನ್ ಮೀಟಿಂಗ್‌ನಲ್ಲಿ. ಇಲ್ಲಿನ ಸಣ್ಣ ಊರುಗಳಲ್ಲಿ ವರ್ಷಕ್ಕೊಮ್ಮೆ ಮತದಾರರೇ ಹೈಸ್ಕೂಲಿನ ಸಭಾಂಗಣದಲ್ಲಿ ಸೇರಿ ಊರಿನ ಬಜೆಟ್ ಪಾಸು ಮಾಡುತ್ತಾರೆ. ಯಾರು ಬೇಕಾದರೂ ಹೋಗಿ ನೋಡಬಹುದು. ಮತ ಇಲ್ಲದ ನಾನು, ಮೇಲಿನ ಮನೆಯ ಅಕ್ಕ ಇಬ್ಬರೂ ಪಕ್ಕಕ್ಕೆ ಹಾಕಿದ್ದ ಬೇರೆ ಕುರ್ಚಿಗಳಲ್ಲಿ ಕೂತೆವು. ಸಭೆ ನಡೆಸುವಾತ ಬಜೆಟ್ಟಿನ ಸಾಲುಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಯಾವುದಾದರೂ ಸಾಲಿನ ಬಗ್ಗೆ ತಕರಾರು ಇದ್ದರೆ ಕೂತಲ್ಲಿಂದಲೇ 'ಹೋಲ್ಡ್' ಅಂತ ಕೂಗಬೇಕು, ಆಗ ಚರ್ಚೆ. ಅಲ್ಲೂ ಹೋಲ್ಡ್ ಅಂತ ಅಕ್ಕ ನನ್ನ ಮೊಣಕೈ ತಿವಿದರು. ಪೊಲೀಸ್, ಹೋಲ್ಡ್. ಹಿಮ ತೆಗೆಯುವ ಲಾರಿ, ಹೋಲ್ಡ್. ಲೈಬ್ರರಿ ಅಂತ ಓದಿದಾಗ ನಾನು ಉಸಿರು ಬಿಗಿ ಹಿಡಿದೆ. ಯಾರೋ ಕೆಮ್ಮಿದರು. ಅಷ್ಟರಲ್ಲಿ ಆತ ಮುಂದಿನ ಸಾಲಿಗೆ ಹೋಗಿಬಿಟ್ಟಿದ್ದರು. ಆಮೇಲೆ ಹಿಮದ ಲಾರಿಯ ಮೇಲೆ ಮುಕ್ಕಾಲು ಗಂಟೆ ಜಗಳ ನಡೆಯಿತು. ಮಗಳಿಗೆ ನಿದ್ದೆ ಬಂತು ಅಂತ ಅದರ ಮಧ್ಯದಲ್ಲೇ ಎದ್ದು ಬಂದೆವು.