ಕಾರಿಲ್ಲದವನ ಬೀರು

ಅಬಿಂಗ್ಡನ್‌ಗೆ ಬಂದ ಹೊಸತರಲ್ಲಿ ಎಂಜಿ ಅಂದರೆ ನನಗೆ ಬೆಂಗಳೂರಿನ ಎಂ.ಜಿ. ರೋಡ್ ಮಾತ್ರ. ಇಲ್ಲಿ ಅದು ಮಾರಿಸ್ ಗ್ಯಾರೇಜಸ್. ಆಕ್ಸ್‌ಫರ್ಡ್ ಪಕ್ಕದ ಈ ಸಣ್ಣ ಊರಲ್ಲೇ ಎಂಜಿ ಸ್ಪೋರ್ಟ್ಸ್ ಕಾರುಗಳು ತಯಾರಾಗುತ್ತಿದ್ದವು. ಕಾರ್ಖಾನೆ 1980ರಲ್ಲಿ ಮುಚ್ಚಿತು. ಊರಿನವರು ಮಾತ್ರ ಇನ್ನೂ ಅದೇ ಮಾತಾಡುತ್ತಾರೆ.

ಈಗ ನಮ್ಮ ಮನೆಯ ಬೀರುವಿನ ಎರಡು ಅರೆ ತುಂಬ ಎಂಜಿಎ ಎಂಬ ಎಂಜಿ ಮಾದರಿಯ ಕಾರಿನ ಹಳೇ ಕಾಗದ. ಬ್ರೋಷರ್, ಕೈಪಿಡಿ, ಪತ್ರಿಕೆಗಳಿಂದ ಕತ್ತರಿಸಿದ ಜಾಹೀರಾತು. ಕಾರು ಮಾತ್ರ ಇಲ್ಲ. ಕೊಳ್ಳೋಕೆ ದುಡ್ಡಿಲ್ಲ, ನಿಲ್ಲಿಸೋಕೆ ಗ್ಯಾರೇಜೂ ಇಲ್ಲ. ಹೆಂಡತಿ ಇದನ್ನು "ಕುದುರೆ ಇಲ್ಲದ ಲಾಯ" ಅನ್ನುತ್ತಾಳೆ.

ಎಲ್ಲಾ ಶುರುವಾಗಿದ್ದು ಹಳೇ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಪೌಂಡಿಗೆ ಸಿಕ್ಕ ಎಂಜಿಎ ವರ್ಕ್‌ಶಾಪ್ ಮ್ಯಾನ್ಯುಯಲ್‌ನಿಂದ, ಅಂದರೆ ರಿಪೇರಿ ಪುಸ್ತಕದಿಂದ. ಸುಮ್ನೆ ಪುಟ ತಿರುವಿದೆ. ಎಂಜಿನ್ ಚಿತ್ರ ನೋಡಿ ಕೈ ನಿಂತಿತು. ಇದನ್ನು ನಾನು ನೋಡಿದ್ದೇನಲ್ಲ! ಹಾಸನದಲ್ಲಿ ನಮ್ಮ ಮಾವನ ಅಂಬಾಸಿಡರ್ ಟ್ಯಾಕ್ಸಿ ಇತ್ತು. ಅದರ ಬಾನೆಟ್ ಕೆಳಗೆ ಟಾರ್ಚ್ ಹಿಡಿದು ನಿಲ್ಲೋದು ನನ್ನ ಕೆಲಸ. ಟಾರ್ಚ್ ಅಲ್ಲಾಡಿದರೆ ಬೈಗುಳ ಗ್ಯಾರಂಟಿ. ಆಮೇಲೆ ತಿಳಿಯಿತು: 1955ರಲ್ಲಿ ಬಂದ ಮೊದಲ ಎಂಜಿಎಗೂ ಹಳೇ ಅಂಬಾಸಿಡರ್‌ಗೂ ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ನೇ. ಎರಡೂ 1489 ಸಿಸಿ. ಒಂದಕ್ಕೆ ಎರಡು ಕಾರ್ಬುರೇಟರ್ ಹಾಕಿ ರೇಸಿಗೆ ಬಿಟ್ಟರು, ಇನ್ನೊಂದಕ್ಕೆ ಒಂದೇ ಹಾಕಿ ಮದುವೆ ದಿಬ್ಬಣಕ್ಕೆ ಬಿಟ್ಟೆವು.

1962ರವರೆಗೆ ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಎಂಜಿಎ ತಯಾರಾದವು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಹೊರದೇಶಕ್ಕೆ ಹೋದವು, ಬಹುಪಾಲು ಅಮೆರಿಕಕ್ಕೆ. ಕಾರಿನ ಜೊತೆ ಅದರೊಳಗಿದ್ದ ಕೈಪಿಡಿಯೂ ಹಡಗು ಹತ್ತಿತು. ಹಾಗಾಗಿ ಹುಟ್ಟಿದೂರಲ್ಲೇ ಇದರ ಕಾಗದಕ್ಕೆ ಅಲೆಯಬೇಕು.

ಅಲೆಯೋಕೆ ಒಳ್ಳೆ ಜಾಗ ಅಂದರೆ ಬ್ಯೂಲಿ. ಹ್ಯಾಂಪ್‌ಶೈರ್‌ನ ಈ ಹಳ್ಳಿಯಲ್ಲಿ 1967ರಿಂದ ಹಳೇ ಕಾರಿನ ಸಾಮಾನಿನ ಸಂತೆ ನಡೆಯುತ್ತದೆ, ಈಗ ಪ್ರತಿ ಸೆಪ್ಟೆಂಬರ್‌ನಲ್ಲಿ. ನಮ್ಮ ಜೆ.ಸಿ. ರೋಡನ್ನು ಎತ್ತಿ ಹುಲ್ಲಿನ ಮೈದಾನಕ್ಕೆ ಹಾಕಿದ ಹಾಗೆ. ತುಕ್ಕು ಹಿಡಿದ ಹೆಡ್‌ಲ್ಯಾಂಪ್, ಎಣ್ಣೆ ಡಬ್ಬಿ, ನೆನೆದ ರಟ್ಟಿನ ಪೆಟ್ಟಿಗೆಯಲ್ಲಿ ಕಾಗದದ ರಾಶಿ. ಮಂಡಿಯೂರಿ ಹುಡುಕಬೇಕು. ಚೌಕಾಸಿ ಮಾಡಬಹುದು, ಆದರೆ ಇಂಗ್ಲಿಷರ ರೀತಿ, ನಾಚಿಕೊಂಡು.

ಅಲ್ಲೇ ಒಮ್ಮೆ ಟೋಪಿ ಹಾಕಿಸಿಕೊಂಡೆ. ಕೆಂಪು ಕಾರಿನ ಬ್ರೋಷರ್, ನಲವತ್ತು ಪೌಂಡ್. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಚಿತ್ರವೆಲ್ಲ ಕಲಸಿಹೋಗಿದೆ. ಅಚ್ಚಾದ ಚಿತ್ರದ ಚುಕ್ಕೆಗಳನ್ನೇ ಮತ್ತೆ ಫೋಟೋ ತೆಗೆದು ಅಚ್ಚು ಹಾಕಿದರೆ ಹೀಗಾಗುತ್ತದೆ. ಸ್ಟೇಪಲ್ ಪಿನ್ನು ಫಳಫಳ! ಅರವತ್ತು ವರ್ಷ ಇಂಗ್ಲೆಂಡಿನ ತೇವ ಕುಡಿದ ಪಿನ್ನು ಹಾಗಿರುತ್ತಾ? ಈಗ ಮೊದಲು ಪಿನ್ನು ನೋಡುತ್ತೇನೆ, ಆಮೇಲೆ ಕಾರು.

ಅಚ್ಚುಕಟ್ಟಾದ ಪ್ರತಿಗೇ ಇಲ್ಲಿ ಬೆಲೆ ಜಾಸ್ತಿ. ನನಗೆ ಗಲೀಜಾದದ್ದೇ ಇಷ್ಟ. ಒಂದು ಕೈಪಿಡಿಯ ಕೊನೇ ಪುಟದಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಪೆಟ್ರೋಲ್ ಲೆಕ್ಕ ಬರೆದಿದ್ದಾರೆ, ಗ್ಯಾಲನ್ನು, ಶಿಲಿಂಗು, ಪೆನ್ನಿ. ಸೀಟಿನ ಹಿಂದಿರುವ ಎರಡು ಆರು ವೋಲ್ಟ್ ಬ್ಯಾಟರಿಗಳ ಪುಟದಲ್ಲಿ ಪ್ಲಸ್ ಗುರುತಿಗೆ ಎರಡು ಗೆರೆ. ಈ ಕಾರಿನಲ್ಲಿ ಲೋಹದ ಮೈಗೆ ಜೋಡಿಸೋದು ಮೈನಸ್ ಅಲ್ಲ, ಪ್ಲಸ್ ತಂತಿ. ಪುಣ್ಯಾತ್ಮ ಒಮ್ಮೆ ಉಲ್ಟಾ ಕೊಟ್ಟು ಕಲಿತಿರಬೇಕು.

ಕಳೆದ ಭಾನುವಾರ ಆ ಮ್ಯಾನ್ಯುಯಲ್‌ನ ಎಂಜಿನ್ ಚಿತ್ರವನ್ನು ಮಾವನಿಗೆ ವಾಟ್ಸಾಪ್ ಮಾಡಿದೆ. ಟ್ಯಾಕ್ಸಿ ಮಾರಿ ಎಷ್ಟೋ ವರ್ಷವಾಯಿತು, ಕಣ್ಣೂ ಮಂಜು. ಐದು ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು.

"ಲೋ, ನಮ್ಮ ಗಾಡಿ ಎಂಜಿನ್ ಅಲ್ವೇನೋ ಇದು! ಫೈರಿಂಗ್ ಆರ್ಡರ್ ಒಂದು, ಮೂರು, ನಾಲ್ಕು, ಎರಡು. ನೋಡು ಬೇಕಾದ್ರೆ."

ನೋಡಿದೆ. ಸಿಲಿಂಡರ್‌ಗಳಲ್ಲಿ ಕಿಡಿ ಹಾರುವ ಸರದಿ ಹಾಗೇ ಇತ್ತು. ಹಿಂದೆಯೇ ಇನ್ನೊಂದು ಬಂತು: "ಪುಸ್ತಕ ಸರಿ ಕಣಪ್ಪ, ಗಾಡಿ ಎಲ್ಲಿ?"

ಇನ್ನೂ ಉತ್ತರ ಕಳಿಸಿಲ್ಲ.