‘ಬಹುದು’ ಮತ್ತು ‘ತಕ್ಕದ್ದು’: ಲಾರ್ಡ್ಸ್ ಗ್ಯಾಲರಿಯಲ್ಲಿ ಒಂದು ಮಧ್ಯಾಹ್ನ

ಬ್ರಿಟನ್ ಸಂಸತ್ತಿನ ಬಗ್ಗೆ 19 ವರ್ಷ ಪಾಠ ಮಾಡಿದ್ದೇನೆ. ಹೌಸ್ ಆಫ್ ಲಾರ್ಡ್ಸ್ ಬಂದಾಗ ಮಾತ್ರ ಹತ್ತೇ ನಿಮಿಷದಲ್ಲಿ ಮುಗಿಸಿಬಿಡುತ್ತಿದ್ದೆ. ಜನ ಆರಿಸದ ಸದನ, ಹಣಕಾಸು ಮಸೂದೆ ತಡೆಯೋಕೆ ಆಗಲ್ಲ, ಉಳಿದವನ್ನು ಹೆಚ್ಚೆಂದರೆ ಒಂದು ವರ್ಷದಷ್ಟು ತಡ ಮಾಡಬಹುದು, ಅಷ್ಟೇ. ಪರೀಕ್ಷೆಗೆ ಅಷ್ಟು ಸಾಕಿತ್ತು.

ಹಾಗಾಗಿ ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ನಾನು ನೋಡಬೇಕೆಂದು ಹಟ ಹಿಡಿದದ್ದು ಜನ ಆರಿಸುವ ಇನ್ನೊಂದು ಸದನ, ಕಾಮನ್ಸ್ ಸಭೆಯನ್ನು. ಅವತ್ತು ಅಲ್ಲಿ ಕ್ಯೂ ತುಂಬಾ ಉದ್ದ ಇತ್ತು. ಲಾರ್ಡ್ಸ್ ಗ್ಯಾಲರಿಯಲ್ಲಾದರೆ ಜಾಗ ಇದೆ, ಈಗಲೇ ಹೋಗಬಹುದು ಅಂತ ಸಿಬ್ಬಂದಿಯೊಬ್ಬರು ಹೇಳಿದರು. "ಬಾ ಅಪ್ಪ, ಇಷ್ಟು ದೂರ ಬಂದಿದ್ದಕ್ಕೆ ಅದನ್ನಾದ್ರೂ ನೋಡೋಣ" ಅಂತ ಮಗಳು ಕೈ ಹಿಡಿದು ಕರೆದುಕೊಂಡು ಹೋದಳು.

ಕೆಳಗೆ ಕೆಂಪು ಚರ್ಮದ ಬೆಂಚುಗಳು. ಬಹಳಷ್ಟು ಖಾಲಿ. ಮೂವತ್ತು ಜನ ಇದ್ದರೇನೋ. ಒಂದು ಮಸೂದೆಯ ಸಮಿತಿ ಹಂತ ನಡೀತಿತ್ತು, ಅಂದರೆ ಕಲಂ ಕಲಂ ಹಿಡಿದು ಚರ್ಚೆ. ಕೂಗಾಟ ಇಲ್ಲ, ಮೇಜು ಕುಟ್ಟೋದಿಲ್ಲ. ಹತ್ತು ನಿಮಿಷಕ್ಕೆ ಮಗಳು ಗಡಿಯಾರ ನೋಡಿಕೊಂಡಳು.

ಆಗ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬ ಹೆಂಗಸು ಎದ್ದು ನಿಂತರು. ಕೈಯಲ್ಲಿ ಮಸೂದೆಯ ಪ್ರತಿ, ಅದರ ತುಂಬಾ ಹಳದಿ ಚೀಟಿ. ತಾನು ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ, ಈ ಮಸೂದೆ ವಿಶ್ವವಿದ್ಯಾಲಯಗಳಿಗೂ ತಟ್ಟುವುದರಿಂದ ಅದನ್ನು ಮೊದಲೇ ಹೇಳಬೇಕು ಅಂತ ಮಾತು ಶುರು ಮಾಡಿದರು. ನಾನು ನೆಟ್ಟಗೆ ಕೂತೆ. ಹೊರಗಿನ ಕೆಲಸಕ್ಕೂ ಚರ್ಚೆಗೂ ಸಂಬಂಧ ಇದ್ದರೆ ಸದನದ ಎದುರು ಬಾಯಿಬಿಟ್ಟು ಹೇಳಬೇಕು, ಅದು ಅಲ್ಲಿನ ನಿಯಮ. ಎರಡು ಕೆಲಸ ಒಟ್ಟಿಗೆ ಮಾಡುವವರನ್ನು ನಂಬೋದಕ್ಕೆ ಅದು ಬೇಕೇ ಬೇಕು ಅಂತ ನನಗನ್ನಿಸುತ್ತದೆ.

ಅವರು ತಂದಿದ್ದ ತಿದ್ದುಪಡಿ ಒಂದೇ ಒಂದು ಪದದ್ದು. ಮಂತ್ರಿ ಸಂಸತ್ತಿಗೆ ವರದಿ ಕೊಡುವ ಕಲಮಿನಲ್ಲಿ ‘ಮೇ’ ಅಂತ ಇತ್ತು. ಅದನ್ನು ತೆಗೆದು ‘ಮಸ್ಟ್’ ಹಾಕಿ ಅಂದರು. ನಮ್ಮ ಕಾನೂನಿನ ಕನ್ನಡದಲ್ಲಿ ಹೇಳಬೇಕೆಂದರೆ ‘ಸಲ್ಲಿಸಬಹುದು’ ಇದ್ದದ್ದನ್ನು ‘ಸಲ್ಲಿಸತಕ್ಕದ್ದು’ ಮಾಡಿ ಅಂತ. ‘ಬಹುದು’ ಇದ್ದರೆ ವರದಿ ಕೊಡದ ಮಂತ್ರಿಯನ್ನು ಯಾವ ಆಧಾರದ ಮೇಲೆ ಕೇಳೋದು? ಕ್ಲಾಸಿನಲ್ಲಿ ಬೋರ್ಡಿನ ಮುಂದೆ ನಿಂತು ವಿವರಿಸುವ ಹಾಗೇ, ನಿಧಾನವಾಗಿ, ನಾಲ್ಕೇ ನಿಮಿಷ ಮಾತಾಡಿದರು. ಮಂತ್ರಿ ಎದ್ದು, ವರದಿ ಕೊಡುವುದೇ ಸರ್ಕಾರದ ಉದ್ದೇಶ, ವಿವರವನ್ನು ಪತ್ರದಲ್ಲಿ ತಿಳಿಸುತ್ತೇನೆ ಅಂದರು. ಇವರು ಸದನದ ಅನುಮತಿ ಕೇಳಿ ತಿದ್ದುಪಡಿ ವಾಪಸ್ ತಗೊಂಡರು.

ನನಗೆ ತುಂಬಾ ನಿರಾಸೆಯಾಯಿತು. ಇಷ್ಟೇನಾ?

ವಾಪಸ್ ಹೋಗುವಾಗ ರೈಲಿನಲ್ಲಿ ಅದೇ ಯೋಚನೆ. ನಿಧಾನಕ್ಕೆ ಹೊಳೆಯಿತು, ಸಮಿತಿ ಹಂತದಲ್ಲಿ ವಾಪಸ್ ತಗೊಂಡದ್ದನ್ನು ಅವರು ಮುಂದಿನ ವರದಿ ಹಂತದಲ್ಲಿ ಮತ್ತೆ ತರಬಹುದು, ಆಗ ಮತಕ್ಕೂ ಹಾಕಬಹುದು. ಅದಕ್ಕಿಂತ ಹೆಚ್ಚಾಗಿ, ಮಂತ್ರಿಯ ಮಾತು ಸಂಸತ್ತಿನ ದಾಖಲೆ ಸೇರಿಬಿಟ್ಟಿತು. ಕಾನೂನಿನ ಪದ ಅಸ್ಪಷ್ಟವಾಗಿದ್ದರೆ ನ್ಯಾಯಾಲಯ ಸಂಸತ್ತಿನಲ್ಲಿ ಮಂತ್ರಿ ಸ್ಪಷ್ಟವಾಗಿ ಆಡಿದ ಮಾತನ್ನೂ ನೋಡಬಹುದು ಅಂತ 1992ರ ಪೆಪ್ಪರ್ ವರ್ಸಸ್ ಹಾರ್ಟ್ ತೀರ್ಪು ಹೇಳಿದೆ, ಅದನ್ನು ನಾನೇ ಪಾಠ ಮಾಡಿದ್ದೇನೆ. ಆದರೆ ಆ ತೀರ್ಪನ್ನೂ ಖಾಲಿ ಬೆಂಚುಗಳ ನಡುವಿನ ಒಂದು ಪ್ರಶ್ನೆಯನ್ನೂ ಯಾವತ್ತೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಇಂಥ ಮೇಷ್ಟ್ರುಗಳ ಬಗ್ಗೆ ಆಮೇಲೆ ಹುಡುಕಿ ಓದಿದೆ. ಲಾರ್ಡ್ಸ್‌ನಲ್ಲಿ ಸಾಮಾನ್ಯ ಸದಸ್ಯರಿಗೆ ಸಂಬಳ ಇಲ್ಲ, ಹಾಜರಾದ ದಿನಕ್ಕೆ ಭತ್ಯೆ ಅಷ್ಟೇ. ಕ್ಷೇತ್ರದ ಓಡಾಟವೂ ಇಲ್ಲ. ಅದಕ್ಕೇ ಪಾಠ ಬಿಡದೆ ಸದನಕ್ಕೆ ಹೋಗಬಹುದು. ಕಾಮನ್ಸ್ ಸದಸ್ಯರಾದರೆ ಅದು ಬಹಳ ಕಷ್ಟ. ಫಿಲಿಪ್ ನಾರ್ಟನ್ ಹಲ್ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಪ್ರೊಫೆಸರ್ ಆದರು, 1998ರಲ್ಲಿ ಕನ್ಸರ್ವೇಟಿವ್ ಪಕ್ಷದಿಂದ ಲಾರ್ಡ್ಸ್‌ಗೆ ಬಂದರು. ಪಾಠವನ್ನು ಬಿಡಲಿಲ್ಲ. 2001ರಲ್ಲಿ ಸದನದ ಸಂವಿಧಾನ ಸಮಿತಿ ಶುರುವಾದಾಗ ಅದರ ಮೊದಲ ಅಧ್ಯಕ್ಷರು ಇವರೇ. ಅದಕ್ಕೂ ಎಷ್ಟೋ ಮೊದಲು, 1945ರಿಂದ 74ರವರೆಗೆ ಕಾಮನ್ಸ್ ಸದಸ್ಯರು ಯಾವ್ಯಾವಾಗ ಸ್ವಂತ ಪಕ್ಷದ ವಿರುದ್ಧ ಮತ ಹಾಕಿದರು ಅಂತ ಹುಡುಕಿ ಪಟ್ಟಿ ಮಾಡಿದ್ದರು. ಕಾಗದದ ಮೇಲೆ, ಒಂದೊಂದೇ ಮತದಾನ ತೆಗೆದು ನೋಡೋ ಕೆಲಸ ಅದು. ಆ ತಾಳ್ಮೆ ಇದ್ದವರಿಗೆ ಒಂದು ಪದ ಸಣ್ಣದು ಅಂತ ಅನ್ನಿಸೋದಿಲ್ಲ, ಅಲ್ವಾ?

ಅದೇ ಹಲ್‌ನಲ್ಲಿ ಪಾಠ ಮಾಡಿದ ಭಿಖು ಪಾರೇಖ್ ಗುಜರಾತಿನ ಹಳ್ಳಿಯಲ್ಲಿ ಹುಟ್ಟಿದವರು. 2000ದಲ್ಲಿ ಲೇಬರ್ ಪಕ್ಷದಿಂದ ಲಾರ್ಡ್ಸ್ ಸೇರಿದರು. ಒಂದೇ ಊರಿನಲ್ಲಿ ರಾಜ್ಯಶಾಸ್ತ್ರ ಕಲಿಸಿದ ಇಬ್ಬರು ಒಂದೇ ಸದನಕ್ಕೆ, ಬೇರೆ ಬೇರೆ ಪಕ್ಷದವರಾಗಿ ಬಂದರು. ಈ ವಿಷಯ ತಿಳಿದಾಗ ಯಾಕೋ ತುಂಬಾ ಖುಷಿಯಾಯಿತು.

ಊರಿಗೆ ಬಂದ ಮೇಲೆ ಹೌಸ್ ಆಫ್ ಲಾರ್ಡ್ಸ್‌ಗೆ ಮೂರು ಕ್ಲಾಸು ಕೊಟ್ಟೆ. ಮೂರನೆಯದರಲ್ಲಿ ಪಾಠ ಮಾಡಲಿಲ್ಲ. ನಮ್ಮದೇ ಒಂದು ಕಾಯಿದೆಯ ಜೆರಾಕ್ಸ್ ಹಂಚಿ, ‘ಬಹುದು’ ಇರುವ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿ ಅಂದೆ. ಮರುದಿನ ಒಬ್ಬ ಹುಡುಗಿ ಸ್ಟಾಫ್ ರೂಮಿಗೆ ಬಂದಳು. "ಸಾರ್, ಈ ಕಲಂ ನೋಡಿ. ವರದಿ ಮಂಡಿಸತಕ್ಕದ್ದು ಅಂತಾನೇ ಇದೆ. ಆದ್ರೆ ಎಷ್ಟು ದಿನದ ಒಳಗೆ ಅಂತ ಇಲ್ಲ."

ಆ ಕಾಯಿದೆಯನ್ನು ನಾನು ಎಷ್ಟೋ ಸಲ ಓದಿದ್ದೆ. ಕುರ್ಚಿ ಎಳೆದು ಕೊಟ್ಟು, ಇಬ್ಬರೂ ಮೊದಲನೇ ಕಲಮಿನಿಂದ ಮತ್ತೆ ಓದಲು ಕೂತೆವು.