ಕಾಡಿನ ತರಗೆಲೆ ಚೆಲ್ಲಬೇಡಿ

ಹೊಲದ ಮಣ್ಣು ಪರೀಕ್ಷೆಗೆ ಮಾಡಿದ ಚೆಕ್‌ಲಿಸ್ಟ್ ಹಿಡಿದುಕೊಂಡು ಕಾಡಿಗೆ ಹೋಗುವುದು ವಿಕಿರಣ ಅಳೆಯುವ ನಮ್ಮ ಕೆಲಸದಲ್ಲಿ ಮಾಮೂಲಿ ಆಗಿಬಿಟ್ಟಿದೆ. ಇದರ ಬಗ್ಗೆ ನನಗೆ ಇನ್ನೂ ಸಿಟ್ಟಿದೆ.

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡಿನಲ್ಲಿ ಬೇಸ್‌ಲೈನ್ ಸ್ಯಾಂಪ್ಲಿಂಗ್ ನಡೆದಿತ್ತು, ಅಂದರೆ ಮುಂದೆ ಹೋಲಿಸಲು ಈಗಿನ ವಿಕಿರಣ ಎಷ್ಟಿದೆ ಅಂತ ನೋಡಲು ಮಾದರಿ ತೆಗೆಯುವ ಕೆಲಸ. ಗಾಮಾ ಕೌಂಟಿಂಗ್‌ಗೆ (ಗಾಮಾ ಕಿರಣ ಎಣಿಸಿ ಯಾವ ವಿಕಿರಣಶೀಲ ವಸ್ತು ಎಷ್ಟಿದೆ ಅಂತ ನೋಡುವ ಪರೀಕ್ಷೆ) ಮಣ್ಣು ಬೇಕಿತ್ತು. ಶೀಟಿನಲ್ಲಿ ಇದ್ದದ್ದು ಇಷ್ಟೇ: ಮೇಲಿನ ಕಸಕಡ್ಡಿ ಸರಿಸಿ, 0–15 ಸೆಂ.ಮೀ. ಮಣ್ಣು ತೆಗೆದು ಕಾಂಪೋಸಿಟ್ ಮಾಡಿ (ಎಲ್ಲ ಒಟ್ಟಿಗೆ ಕಲಸಿ). ತೊಗರಿ ಹೊಲಕ್ಕೆ ಇದು ಸರಿ. ಅಲ್ಲಿ ಟ್ರ್ಯಾಕ್ಟರ್ ಮೊದಲೇ ಎಲ್ಲ ಕಲಸಿಟ್ಟಿರುತ್ತದೆ. ಕಾಡಿನ ನೆಲವನ್ನು ಯಾರು ಉಳುತ್ತಾರೆ? ಮೇಲಿನಿಂದ ಬಿದ್ದದ್ದು ಅಲ್ಲಿ ಪದರ ಪದರವಾಗಿಯೇ ಕೂತಿರುತ್ತದೆ.

ವಿಕಿರಣ ಮೀಟರ್ ಆನ್ ಮಾಡಿದ ಸ್ವಲ್ಪ ಹೊತ್ತಿಗೆ ತಾಂಡಾದ ಕಡೆಯಿಂದ ಏಳೆಂಟು ಜನ ಬಂದರು. ಮುಂದೆ ಆಡು ಕಾಯುವ ಒಬ್ಬ ಹಿರಿಯರು.

"ಸಾಹೇಬ್ರ, ಅದು ಯಾಕ ಹಂಗ ಟಿಕ್ ಟಿಕ್ ಅನ್ಲಿಕತ್ತದ? ಗೋಗಿ ಕಡಿ ಸಿಕ್ಕದ್ದು ಇಲ್ಲೂ ಅದ ಏನು?"

ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಅದಿರು ಸಿಕ್ಕ ವಿಷಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ಜನ ಹತ್ತಿರ ಬಂದು ನಿಂತರು. ಗಾರ್ಡ್ ಮುಖದಲ್ಲಿ ಬೆವರು. ಊರವರ ಜೊತೆ ಮಾತಾಡಬೇಡಿ ಅಂತ ನಮಗೆ ಆಫೀಸಿನ ಆರ್ಡರ್ ಬೇರೆ ಇತ್ತು. ಸುಮ್ನಿದ್ದರೆ ಹೆದರಿಕೆ ಇನ್ನೂ ಜಾಸ್ತಿ ಆಗುತ್ತದೆ ಅಂತ ನಾನು ಬಾಯಿ ಬಿಟ್ಟೆ.

"ಕಾಕಾ, ಈ ಸದ್ದು ಎಲ್ಲಾ ಕಡಿ ಬರ್ತದ. ಕಲ್ಲು, ಮಣ್ಣು, ನಮ್ಮ ಮೈಯಾಗೂ ಸ್ವಲ್ಪ ಇರ್ತದ. ಮಣ್ಣಾಗ ಏನದ, ಎಷ್ಟದ ಅಂತ ಲ್ಯಾಬಿನಾಗ ನೋಡ್ತೀವಿ."

"ನಮ್ಮ ಆಡು ಮಣ್ಣು ತಿನ್ನೂದಿಲ್ರೀ. ಎಲಿ ತಿಂತಾವ. ನೀವು ಎಲೀನೇ ಚೆಲ್ಲಲಿಕತ್ತೀರಲ್ಲ?"

ನಮ್ಮ ಹುಡುಗ ಕುರ್ಪಿಯಿಂದ ತರಗೆಲೆ ಸರಿಸುತ್ತಿದ್ದವನು ಅಲ್ಲೇ ನಿಂತ. ನಾನು ಟೀಮ್ ಲೀಡ್‌ಗೆ ಫೋನ್ ಹಚ್ಚಿದೆ. ಎಲೆಗೆ ಬೇರೆ ಚೀಲ, ಬೇರೆ ಟ್ಯಾಗ್ ಮಾಡ್ತೀನಿ ಅಂದೆ. "ಬಿಓಕ್ಯೂದಲ್ಲಿ ಇಲ್ಲ. ಡಿಟೆಕ್ಟರ್ ಒಂದೇ ಇದೆ. ಬೇಕಾದರೆ ಎಲೆನೂ ಮಣ್ಣಿಗೇ ಸೇರಿಸಿ ಕಲಸಿಬಿಡಿ" ಅಂತ ಉತ್ತರ ಬಂತು. ಬಿಓಕ್ಯೂ ಅಂದರೆ ಟೆಂಡರಿನಲ್ಲಿ ಯಾವ ಕೆಲಸ ಎಷ್ಟು ಅಂತ ಬರೆದ ಪಟ್ಟಿ. ಹೊತ್ತು ಮುಳುಗುವ ಮೊದಲು ಹೊರಗೆ ಹೋಗಬೇಕು ಅಂತ ಗಾರ್ಡ್ ಅವಸರ ಮಾಡುತ್ತಿದ್ದ.

ಕಲಸಿದರೆ ಏನಾಗುತ್ತದೆ, ಲೆಕ್ಕ ಹಾಕಿ. ಒಂದು ಚದರ ಮೀಟರ್ ಜಾಗದಲ್ಲಿ 15 ಸೆಂ.ಮೀ. ಆಳದ ಮಣ್ಣು ಹೆಚ್ಚುಕಡಿಮೆ 200 ಕೆಜಿ ತೂಗುತ್ತದೆ. ನಮ್ಮ ಒಣ ಕಾಡಿನಲ್ಲಿ ಅದರ ಮೇಲಿನ ಎಲೆ ಒಂದು ಕೆಜಿ ಇದ್ದರೆ ಜಾಸ್ತಿ. ಎಲೆಯಲ್ಲಿ ಏನೇ ಇದ್ದರೂ ಆ ಮಣ್ಣಿನಲ್ಲಿ ಮುಳುಗಿ ಹೋಗುತ್ತದೆ. ರಿಪೋರ್ಟಿನಲ್ಲಿ ಮಾತ್ರ ಚೆಂದದ ಸಣ್ಣ ಅಂಕಿ ಬರುತ್ತದೆ.

ಆದರೆ ಕಾಡಿನಲ್ಲಿ ಗಾಳಿಯಿಂದ ಬೀಳುವ ವಿಕಿರಣಶೀಲ ವಸ್ತುವಿನ ದಾರಿ ಶುರುವಾಗುವುದೇ ಎಲೆಯಿಂದ. ಅಣು ಅಪಘಾತ, ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಬಂದ ಸೀಸಿಯಂ-137 ಮೊದಲು ಮರದ ತಲೆಗೆ ಅಂಟುತ್ತದೆ. ಮಳೆ ತೊಳೆದಾಗ, ಎಲೆ ಉದುರಿದಾಗ ನೆಲಕ್ಕೆ ಬರುತ್ತದೆ. ಕೊಳೆಯುವ ಎಲೆಯಲ್ಲಿ ಶಿಲೀಂಧ್ರದ ಎಳೆಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೀಸಿಯಂ ಗುಣ ಪೊಟ್ಯಾಸಿಯಂ ಥರ. ಅದಕ್ಕೇ ಬೇರು ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಅದು ಮತ್ತೆ ಚಿಗುರಿಗೆ ಏರುತ್ತದೆ, ಮತ್ತೆ ಉದುರುತ್ತದೆ. ಕೆಳಗಿನ ಮಣ್ಣಿಗೆ ಇಳಿದ ಮೇಲೆ ಇಲ್ಲೈಟ್ ಥರದ ಜೇಡಿ ಇದ್ದರೆ ಗಟ್ಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ, ಗಿಡಕ್ಕೆ ಸುಲಭವಾಗಿ ಸಿಗುವುದಿಲ್ಲ. ಅಂಥದೇ ಇನ್ನೊಂದು ವಸ್ತು ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂ ಜೊತೆ ಓಡಾಡುತ್ತದೆ. ಯುರೇನಿಯಂ ಬಹುಪಾಲು ಬೇರಿನಲ್ಲೇ ನಿಲ್ಲುತ್ತದೆ, ಎಲೆಗೆ ಏರುವುದು ಕಡಿಮೆ. ಗಾಳಿಯ ರೇಡಾನ್‌ನಿಂದ ಹುಟ್ಟುವ ಸೀಸ-210 ನೇರ ಎಲೆ ಮೇಲೆಯೇ ಕೂರುತ್ತದೆ. ಒಂದೊಂದರದೂ ಒಂದೊಂದು ದಾರಿ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾವ ದಾರಿಯೂ ಕಾಣುವುದಿಲ್ಲ.

ಚೆರ್ನೋಬಿಲ್ ಅಣುಸ್ಥಾವರದ ಅಪಘಾತ ಆಗಿದ್ದು 1986ರಲ್ಲಿ. ಜರ್ಮನಿಯ ಬವೇರಿಯಾ ಕಾಡಿನ ಹಂದಿ ಮಾಂಸ ಮೂರು ದಶಕ ದಾಟಿದ ಮೇಲೂ ಅಲ್ಲಿನ ಮಿತಿಯಾದ ಕೆಜಿಗೆ 600 ಬೆಕರೆಲ್ (ವಿಕಿರಣದ ಅಳತೆ) ಎಷ್ಟೋ ಸಲ ಮೀರುತ್ತಿತ್ತು. ಹಂದಿಗಳು ನೆಲ ಕೆದರಿ ಒಂದು ಜಾತಿಯ ಅಣಬೆ ತಿನ್ನುತ್ತವೆ, ಕಾರಣ ಅದು. 2023ರ ಒಂದು ಅಧ್ಯಯನ ಆ ಮಾಂಸದಲ್ಲಿ ಹಳೆಯ ಅಣುಬಾಂಬ್ ಪರೀಕ್ಷೆಗಳ ಸೀಸಿಯಂ ಕೂಡ ಇರುವುದನ್ನು ತೋರಿಸಿತು. ಜಪಾನಿನ ಫುಕುಶಿಮಾದಲ್ಲಿ 2011ರ ಅಣುಸ್ಥಾವರದ ಅಪಘಾತದ ನಂತರ ಮನೆಗಳ ಹತ್ತಿರದ ಕಾಡಂಚಿನಲ್ಲಿ ಎಲೆ ಗುಡಿಸಿ ತೆಗೆದರು. ಕೆಲವೇ ವರ್ಷಗಳಲ್ಲಿ ಹೆಚ್ಚಿನ ಸೀಸಿಯಂ ಎಲೆ ಬಿಟ್ಟು ಮೇಲ್ಮಣ್ಣಿಗೆ ಇಳಿದಿತ್ತು. ಎಲೆಯಲ್ಲಿದೆಯಾ, ಮಣ್ಣಲ್ಲಿದೆಯಾ ಅಂತ ಗೊತ್ತಿಲ್ಲದೆ ಗುಡಿಸುವುದೋ ಬೇಡವೋ ಅಂತ ಹೇಗೆ ಹೇಳುತ್ತೀರಿ?

ಚಿಂಚೋಳಿಯಲ್ಲಿ ಯಾವ ಅಪಘಾತವೂ ಆಗಿಲ್ಲ, ನಿಜ. ಅದಕ್ಕೇ ಅಲ್ವಾ ಬೇಸ್‌ಲೈನ್ ಅನ್ನೋದು? ನಾಳೆ ಏನಾದರೂ ಆದರೆ ಹೋಲಿಸಿ ನೋಡಲು ಇವತ್ತಿನ ಎಲೆಯ ಅಂಕಿ ಬೇಕು.

ನಾನು ಕಲಸಲಿಲ್ಲ. ಫ್ರೇಮ್ ಇಟ್ಟು, ಎಲೆ ತೂಗಿ, ಬೇರೆ ಚೀಲಕ್ಕೆ ಹಾಕಿ ಟ್ಯಾಗ್ ಹಚ್ಚಿದೆ. ಕಾಕಾ ತಾವೇ ಚೀಲದ ಬಾಯಿ ಹಿಡಿದು ನಿಂತರು. ಆಫೀಸಿನಲ್ಲಿ ಎರಡಕ್ಕೂ ಬೈಸಿಕೊಂಡೆ: ಊರವರ ಜೊತೆ ಮಾತಾಡಿದ್ದಕ್ಕೆ, ಲೆಕ್ಕಕ್ಕಿಲ್ಲದ ಸ್ಯಾಂಪಲ್ ತಂದಿದ್ದಕ್ಕೆ. ರಿಪೋರ್ಟ್ 'ಮಣ್ಣು' ಅನ್ನುವ ಒಂದೇ ಕಾಲಂನಲ್ಲಿ ಹೋಯಿತು.

ಟೆಂಡರ್ ಬರೆಯುವವರಿಗೆ ನನ್ನ ಕೋರಿಕೆ ಒಂದೇ. ಕಾಡಿನ ಕೆಲಸಕ್ಕೆ ಎಲೆ ಪದರ, ಅದರ ಕೆಳಗೆ 0–5, 5–10, 10–15 ಸೆಂ.ಮೀ. ಅಂತ ಬೇರೆ ಬೇರೆ ಸಾಲು ಹಾಕಿ. ಕೌಂಟಿಂಗ್ ಟೈಮ್ ಸಾಲದಿದ್ದರೆ ಪಾಯಿಂಟ್ ಕಡಿಮೆ ಮಾಡಿ, ಪದರ ಕಡಿಮೆ ಮಾಡಬೇಡಿ.

ಎಲೆಯ ಚೀಲಗಳನ್ನು ಓವನ್‌ನಲ್ಲಿ ಒಣಗಿಸಿ ಸೀಲ್ ಮಾಡಿ ಇಟ್ಟಿದ್ದೇನೆ. ಸೀಸಿಯಂ-137 ಅರ್ಧ ಆಗಲು ಸುಮಾರು 30 ವರ್ಷ ಬೇಕು, ಹಾಗಾಗಿ ಎಣಿಸುವುದಕ್ಕೆ ಈಗಲೂ ತಡವಾಗಿಲ್ಲ. ಡಿಟೆಕ್ಟರ್ ಸ್ಲಾಟ್ ಕೇಳಿ ಮತ್ತೆ ಅರ್ಜಿ ಕೊಟ್ಟಿದ್ದೇನೆ. ಅಂಕಿ ಬಂದ ದಿನ ತಾಂಡಾಕ್ಕೆ ಹೋಗಿ ಹೇಳಿ ಬರುತ್ತೇನೆ.